ಶಾಲೆಯ ಬೀರುವಿನಲ್ಲಿದ್ದ ನಿಘಂಟು, ಅದನ್ನು ಬರೆದ ಮೇಷ್ಟ್ರು

ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ನಮ್ಮ ಕಾಲದಲ್ಲಿ ಅದೇ ಶಾಲೆಯ ಗ್ರಂಥಾಲಯ. ಅದರ ಕೆಳಗಿನ ಖಾನೆಯಲ್ಲಿ, ಬೆನ್ನು ಹರಿದು ಗೋಂದು ಹಚ್ಚಿಸಿಕೊಂಡಿದ್ದ ಒಂದು ದಪ್ಪ ಇಂಗ್ಲಿಷ್ ನಿಘಂಟು ಇತ್ತು. ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಮೂರನೇ ಆವೃತ್ತಿ ಅದು. 1974ರಲ್ಲಿ ಬಂದದ್ದು. ಅಂದರೆ ನಮ್ಮ ಶಾಲೆಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮೇಲೆ ಎ. ಎಸ್. ಹಾರ್ನ್‌ಬಿ ಎಂಬ ಹೆಸರಿತ್ತು.

ನನ್ನ ಜೊತೆ ಓದಿದವರಿಗೆ ನೆನಪಿರಬಹುದು. ಆ ನಿಘಂಟಿನಲ್ಲಿ ಪದದ ಅರ್ಥ ಹುಡುಕಲು ಹೋದರೆ, ಪಕ್ಕದಲ್ಲೇ ವಿಪಿ 6ಎ ಎನ್ನುವಂಥ ಗುರುತುಗಳು ಕಾಣುತ್ತಿದ್ದವು. ನಮಗೆ ಅವು ಸಿಟಿ ಬಸ್ಸಿನ ನಂಬರಿನ ಹಾಗೆ ಕಾಣುತ್ತಿದ್ದವು. ಅವುಗಳನ್ನು ಬಿಟ್ಟು ಅರ್ಥವನ್ನಷ್ಟೇ ಬರೆದುಕೊಂಡು ಬರುತ್ತಿದ್ದೆವು. ಆ ನಂಬರುಗಳ ಹಿಂದೆ ಒಬ್ಬ ಮೇಷ್ಟ್ರ ಇಡೀ ಜೀವನವೇ ಇದೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆದುಕೊಡು ಎಂದು ಸಮಿತಿಯ ಹಿರಿಯರು ಹೇಳಿದಾಗ, ಸರ್ ಎಂ. ವಿ. ಅವರ ಬಗ್ಗೆ, ಕಲಾಂ ಅವರ ಬಗ್ಗೆ ಬರೆಯುವವರು ಬಹಳ ಮಂದಿ ಇರುತ್ತಾರೆ ಅನ್ನಿಸಿತು. ನಮ್ಮ ಬೀರುವಿನಲ್ಲೇ ಇದ್ದು, ನಾವು ಯಾರೂ ಮಾತಾಡಿಸದೆ ಬಿಟ್ಟ ಹಾರ್ನ್‌ಬಿ ಅವರ ಬಗ್ಗೆ ನಾನು ಬರೆಯುತ್ತೇನೆ ಎಂದೆ. ಅದಕ್ಕೆ ಕಾರಣವೂ ಇದೆ.

ಹತ್ತನೇ ತರಗತಿಯಲ್ಲಿ ನನಗೆ ಇಂಗ್ಲಿಷ್‌ನಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು. ಮುಂದೆ ಪಿಯುಸಿ ಮುಗಿಸಿ ಬಿಇ ಸೇರಿದೆ. ಮೊದಲ ವರ್ಷದ ಲ್ಯಾಬ್ ಪರೀಕ್ಷೆಯ ವೈವಾದಲ್ಲಿ ಕೆಪಾಸಿಟರ್ ಏನು ಕೆಲಸ ಮಾಡುತ್ತದೆ ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಚಾರ್ಜ್, ಪ್ಲೇಟ್, ಸ್ಟೋರ್ ಎಂಬ ಪದಗಳೆಲ್ಲ ಬಾಯಿಗೆ ಬಂದವು. ವಾಕ್ಯ ಮಾತ್ರ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇಬ್ಬರು ನಕ್ಕರು. ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು, ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತಪ್ಪಾಯಿತೇನೋ, ಊರಿಗೆ ಹೋಗಿ ಅಪ್ಪನ ಜೊತೆ ಕಬ್ಬಿನ ಗದ್ದೆ ನೋಡಿಕೊಂಡಿರುವುದೇ ವಾಸಿಯೇನೋ ಎಂದು ಯೋಚಿಸಿದ್ದೆ. ಪದಗಳು ಇದ್ದೂ ವಾಕ್ಯ ಬಾರದ ಈ ಕಷ್ಟ ನನ್ನೊಬ್ಬನದಲ್ಲ, ಇದನ್ನು ನೂರು ವರ್ಷದ ಹಿಂದೆಯೇ ಒಬ್ಬರು ಗುರುತಿಸಿ, ಅದಕ್ಕೆ ದಾರಿ ಹುಡುಕುವುದರಲ್ಲೇ ಆಯುಷ್ಯ ಕಳೆದಿದ್ದರು ಎಂದು ಆಗ ನನಗೆ ಗೊತ್ತಿರಲಿಲ್ಲ.

ಆಲ್ಬರ್ಟ್ ಸಿಡ್ನಿ ಹಾರ್ನ್‌ಬಿ ಅವರು ಹುಟ್ಟಿದ್ದು 1898ರ ಆಗಸ್ಟ್ 10ರಂದು, ಇಂಗ್ಲೆಂಡಿನ ಚೆಸ್ಟರ್ ಎಂಬ ಹಳೆಯ ಪಟ್ಟಣದಲ್ಲಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಇಂಗ್ಲಿಷ್ ಓದಿದರು. 1924ರಲ್ಲಿ ಅವರಿಗೆ ಜಪಾನಿನಲ್ಲಿ ಕೆಲಸ ಸಿಕ್ಕಿತು. ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದ ಓಯಿಟಾ ಎಂಬ ಊರಿನ ವಾಣಿಜ್ಯ ವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ. ಹಡಗು ಹತ್ತಿ ಅಷ್ಟು ದೂರ ಹೋದಾಗ ಅವರಿಗೆ ಇಪ್ಪತ್ತೈದೋ ಇಪ್ಪತ್ತಾರೋ ವರ್ಷ.

ಅವರನ್ನು ಕರೆಸಿಕೊಂಡದ್ದು ಇಂಗ್ಲಿಷ್ ಸಾಹಿತ್ಯ ಕಲಿಸಲು. ತರಗತಿಗೆ ಹೋಗಿ ನೋಡಿದರೆ, ಆ ಹುಡುಗರಿಗೆ ಬೇಕಾಗಿದ್ದದ್ದು ಸಾಹಿತ್ಯವಲ್ಲ, ಭಾಷೆ. ಪದಗಳನ್ನು ಉರು ಹೊಡೆದಿದ್ದ ಹುಡುಗರಿಗೆ ವಾಕ್ಯ ಕಟ್ಟುವಾಗ ಎಡವಟ್ಟಾಗುತ್ತಿತ್ತು. ಹಾರ್ನ್‌ಬಿ ಅವರ ಮನಸ್ಸು ಸಾಹಿತ್ಯದಿಂದ ಭಾಷೆ ಕಲಿಸುವ ಕಡೆಗೆ ತಿರುಗಿದ್ದು ಅಲ್ಲಿಯೇ.

ಇಲ್ಲಿ ನಾವು ಒಂದು ಸಂಗತಿ ಗಮನಿಸಬೇಕು. ಜಪಾನಿ ಭಾಷೆಗೂ ನಮ್ಮ ಕನ್ನಡಕ್ಕೂ ನೆಂಟಸ್ತಿಕೆ ಇಲ್ಲದಿದ್ದರೂ ವಾಕ್ಯ ಕಟ್ಟುವ ರೀತಿಯಲ್ಲಿ ಬಹಳ ಹೋಲಿಕೆ ಇದೆ. ನಾನು ಪುಸ್ತಕವನ್ನು ಓದುತ್ತೇನೆ ಎಂಬುದನ್ನು ಅವರು ‘ವಾತಾಶಿ ವಾ ಹೋನ್ ಓ ಯೋಮಿಮಾಸು’ ಎನ್ನುತ್ತಾರೆ. ವಾತಾಶಿ ಎಂದರೆ ನಾನು, ಹೋನ್ ಎಂದರೆ ಪುಸ್ತಕ, ಅದರ ಪಕ್ಕದ ಓ ನಮ್ಮ ‘ಅನ್ನು’ ಪ್ರತ್ಯಯದ ಹಾಗೆ, ಯೋಮಿಮಾಸು ಎಂದರೆ ಓದುತ್ತೇನೆ. ಕ್ರಿಯಾಪದ ಕೊನೆಯಲ್ಲಿ. ಇಂಗ್ಲಿಷ್‌ನಲ್ಲಾದರೆ ಕ್ರಿಯಾಪದ ನಡುವೆ ಬಂದು ಕೂರುತ್ತದೆ. ‘ಎ’, ‘ದ’ ಎಂಬ ಆರ್ಟಿಕಲ್‌ಗಳು ಜಪಾನಿಯಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಹಾಗಾಗಿ ಓಯಿಟಾದ ಹುಡುಗರು ಎಡವಿದ ಕಲ್ಲುಗಳಲ್ಲಿ ಕೆಲವು, ನಮ್ಮ ಶಾಲೆಯಲ್ಲಿ ನಾವು ಎಡವಿದ ಕಲ್ಲುಗಳೇ. ಬುದ್ಧಿ ಕಡಿಮೆಯಾಗಿ ಆದ ತಪ್ಪುಗಳಲ್ಲ ಅವು. ಒಂದು ಅಚ್ಚಿಗೆ ಒಗ್ಗಿದ ನಾಲಿಗೆ ಇನ್ನೊಂದು ಅಚ್ಚಿಗೆ ಹೊಂದಿಕೊಳ್ಳುವಾಗ ಆಗುವ ತಪ್ಪುಗಳು.

ಆಗ ಟೋಕಿಯೋದಲ್ಲಿ ಹೆರಾಲ್ಡ್ ಪಾಲ್ಮರ್ ಎಂಬ ಇನ್ನೊಬ್ಬ ಇಂಗ್ಲಿಷ್ ವಿದ್ವಾಂಸರಿದ್ದರು. 1922ರಲ್ಲಿ ಜಪಾನಿಗೆ ಬಂದಿದ್ದ ಅವರು ಮರುವರ್ಷ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದ್ದರು. ಶಿಕ್ಷಕರಿಗೆಲ್ಲ ಗೊತ್ತಿರುವ ಸಬ್‌ಸ್ಟಿಟ್ಯೂಷನ್ ಟೇಬಲ್ ಅನ್ನು ಬೆಳೆಸಿ ಬಳಕೆಗೆ ತಂದವರಲ್ಲಿ ಪಾಲ್ಮರ್ ಅವರು ಪ್ರಮುಖರು.

ನಮ್ಮ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಮನೆಯ ಚೌಕ ಬರೆದು, ಒಂದೊಂದು ಮನೆಯಿಂದ ಒಂದೊಂದು ಪದ ಆರಿಸಿ ವಾಕ್ಯ ಹೇಳಿ ಎಂದು ಸಾಲಾಗಿ ನಿಲ್ಲಿಸುತ್ತಿದ್ದರಲ್ಲ, ಅದೇ ಇದು. ಮೊದಲ ಮನೆಯಲ್ಲಿ ‘ಐ, ವಿ, ಯು, ದೇ, ದ ಚಿಲ್ಡ್ರನ್’ ಎಂದು ಐದು. ಎರಡನೆಯದರಲ್ಲಿ ‘ವಾಂಟ್, ಹೋಪ್, ನೀಡ್, ಪ್ಲಾನ್, ವಿಶ್’ ಎಂದು ಐದು. ಮೂರನೆಯದರಲ್ಲಿ ‘ಟು ಗೋ ಹೋಮ್, ಟು ಪ್ಲೇ, ಟು ರೀಡ್, ಟು ಸಿಂಗ್, ಟು ಟಾಕ್ ಟು ದ ಟೀಚರ್’ ಎಂದು ಐದು. ಹದಿನೈದು ತುಣುಕುಗಳಿಂದ 5 x 5 x 5, ಅಂದರೆ 125 ಸರಿಯಾದ ವಾಕ್ಯಗಳು ಹುಟ್ಟುತ್ತವೆ. ಯಾವುದನ್ನು ಆರಿಸಿದರೂ ತಪ್ಪಾಗುವುದಿಲ್ಲ. ತಪ್ಪಾಗದು ಎಂದು ಗೊತ್ತಿದ್ದರೆ ಹೆದರುವ ಹುಡುಗನೂ ಬಾಯಿ ಬಿಡುತ್ತಾನೆ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ನಾನೂ ಇಂಗ್ಲಿಷ್‌ನಲ್ಲಿ ಬಾಯಿ ಬಿಟ್ಟದ್ದು ಆ ಚೌಕದ ಧೈರ್ಯದಿಂದಲೇ.

ನಮ್ಮ ಕಡೆಯವರಿಗೆ ಆಲೆಮನೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಪಾಕ ಎಷ್ಟೇ ಹದವಾಗಿದ್ದರೂ ಅಚ್ಚಿಗೆ ಹೊಯ್ಯದೆ ಅಚ್ಚುಬೆಲ್ಲ ಆಗುವುದಿಲ್ಲ. ಪದಗಳು ಪಾಕ, ವಾಕ್ಯರಚನೆ ಅಚ್ಚು. ನಾವು ಪಾಕವನ್ನೇ ಕಾಯಿಸುತ್ತಾ ಕೂತಿದ್ದೆವು.

ಓಯಿಟಾದಲ್ಲಿದ್ದ ಹಾರ್ನ್‌ಬಿ ಅವರು ಪಾಲ್ಮರ್ ಅವರ ಜೊತೆ ಪತ್ರ ವ್ಯವಹಾರ ಶುರು ಮಾಡಿದರು. ಅವರ ಶ್ರದ್ಧೆಯನ್ನು ಕಂಡ ಪಾಲ್ಮರ್, 1930ರ ದಶಕದ ಆರಂಭದಲ್ಲಿ ಅವರನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಂಡರು. ಹಾರ್ನ್‌ಬಿ ಟೋಕಿಯೋಗೆ ಬಂದು ಅಲ್ಲಿ ಪಾಠವನ್ನೂ ಹೇಳುತ್ತಾ ಸಂಸ್ಥೆಯ ಕೆಲಸವನ್ನೂ ಮಾಡತೊಡಗಿದರು. ಇಂಗ್ಲಿಷ್‌ನಲ್ಲಿ ಯಾವ ಪದ ಯಾವ ಪದದ ಜೊತೆ ಸೇರುತ್ತದೆ ಎಂಬುದನ್ನು ಪಟ್ಟಿ ಮಾಡಿದ ಒಂದು ದೊಡ್ಡ ವರದಿ 1933ರಲ್ಲಿ ಆ ಸಂಸ್ಥೆಯಿಂದ ಹೊರಬಂತು. ಅದರಲ್ಲಿ ಹಾರ್ನ್‌ಬಿ ಅವರ ದುಡಿಮೆ ಬಹಳವಿತ್ತು. ಕನ್ನಡದಲ್ಲಿ ನಾವು ಸ್ನಾನ ಮಾಡುತ್ತೇವೆ, ಈಜು ಹೊಡೆಯುತ್ತೇವೆ, ಲೆಕ್ಕ ಹಾಕುತ್ತೇವೆ, ಮಾತು ಕೊಡುತ್ತೇವೆ, ಆಣೆ ಇಡುತ್ತೇವೆ. ಆಣೆ ಹಾಕಿದೆ ಎಂದರೂ ಅರ್ಥವಾಗಬಹುದು, ಲೆಕ್ಕ ಇಟ್ಟೆ ಎಂದರೆ ಬೇರೆಯೇ ಅರ್ಥವಾಗುತ್ತದೆ. ಹೊರಗಿನಿಂದ ಬಂದು ಕಲಿಯುವವರಿಗೆ ಈ ಜೋಡಿಗಳನ್ನು ಯಾರಾದರೂ ತೋರಿಸಿಕೊಡಬೇಕು. ಇಂಗ್ಲಿಷ್‌ಗೆ ಆ ಕೆಲಸ ನಡೆದದ್ದು ಲಂಡನ್ನಿನಲ್ಲಲ್ಲ, ಟೋಕಿಯೋದಲ್ಲಿ, ಪರಭಾಷೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದವರಿಂದ.

ಪಾಲ್ಮರ್ ಅವರು 1936ರಲ್ಲಿ ಇಂಗ್ಲೆಂಡಿಗೆ ಮರಳಿದರು. ಸಂಶೋಧನೆಯ ಹೊಣೆ ಹಾರ್ನ್‌ಬಿ ಅವರ ಹೆಗಲಿಗೆ ಬಂತು. ಪಾಲ್ಮರ್ ಆರಂಭಿಸಿದ್ದ ಕ್ರಿಯಾಪದಗಳ ಅಧ್ಯಯನವನ್ನು ಅವರು ಮುಂದಕ್ಕೆ ಒಯ್ದರು.

ಅದರ ಹುರುಳು ಇಷ್ಟು. ಮೇಲೆ ಹೇಳಿದ ಚೌಕದ ಎರಡನೇ ಮನೆಗೆ ‘ಎಂಜಾಯ್’ ಎಂಬ ಪದ ಹಾಕಿ ನೋಡಿ. ‘ವಿ ಎಂಜಾಯ್ ಟು ಪ್ಲೇ’ ಎಂದಾಗುತ್ತದೆ. ಅದು ತಪ್ಪು, ‘ವಿ ಎಂಜಾಯ್ ಪ್ಲೇಯಿಂಗ್’ ಎನ್ನಬೇಕು. ಹಾಗೆಯೇ ‘ಗಿವ್ ಮಿ ದ ಪೆನ್’ ಸರಿ, ‘ಎಕ್ಸ್‌ಪ್ಲೇನ್ ಮಿ ದ ಲೆಸನ್’ ತಪ್ಪು. ‘ಎಕ್ಸ್‌ಪ್ಲೇನ್ ದ ಲೆಸನ್ ಟು ಮಿ’ ಎನ್ನಬೇಕು. ಕನ್ನಡದಲ್ಲಿ ನನಗೆ ಪೆನ್ನು ಕೊಡಿ, ನನಗೆ ಪಾಠ ವಿವರಿಸಿ ಎಂದು ಎರಡಕ್ಕೂ ಒಂದೇ ಅಚ್ಚು. ಇಂಗ್ಲಿಷ್‌ನಲ್ಲಿ ಬೇರೆ ಬೇರೆ. ‘ಡಿಸ್ಕಸ್’ ಪಕ್ಕದಲ್ಲಿ ‘ಅಬೌಟ್’ ಬರುವುದಿಲ್ಲ, ‘ಟಾಕ್’ ಪಕ್ಕದಲ್ಲಿ ಬರುತ್ತದೆ. ಎಂದ ಮೇಲೆ ಒಂದು ಕ್ರಿಯಾಪದದ ಅರ್ಥ ತಿಳಿದರೆ ಅರ್ಧ ಮಾತ್ರ ತಿಳಿದ ಹಾಗೆ. ಅದು ತನ್ನ ಮುಂದೆ ಏನನ್ನು ಕೂರಿಸಿಕೊಳ್ಳುತ್ತದೆ ಎಂಬುದು ಉಳಿದರ್ಧ.

ನನ್ನ ಕೆಲಸದಲ್ಲಿ ಇದು ದಿನದ ಮಾತು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಆಜ್ಞೆಯೂ ಯಾವ ಯಾವ ಮಾಹಿತಿಯನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳುತ್ತದೆ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಆಜ್ಞೆಯ ಹೆಸರು ಗೊತ್ತಿದ್ದು ಆ ಕ್ರಮ ಗೊತ್ತಿಲ್ಲದಿದ್ದರೆ ಪ್ರೋಗ್ರಾಮು ಓಡುವುದಿಲ್ಲ. ಹಾರ್ನ್‌ಬಿ ಅವರು ಕಂಪ್ಯೂಟರ್ ಬರುವ ಮೊದಲೇ ಇಂಗ್ಲಿಷ್ ಕ್ರಿಯಾಪದಗಳಿಗೆ ಅಂಥ ಪಟ್ಟಿ ತಯಾರಿಸಿದರು. ಸಾವಿರಾರು ಕ್ರಿಯಾಪದಗಳನ್ನು ಜರಡಿ ಹಿಡಿದು, ಅವು ಕಟ್ಟುವ ವಾಕ್ಯಗಳನ್ನು 25 ವಿನ್ಯಾಸಗಳಿಗೆ ತಂದು ನಿಲ್ಲಿಸಿದರು. ಪ್ರತಿ ವಿನ್ಯಾಸಕ್ಕೂ ಒಂದು ಸಂಖ್ಯೆ. ಮುಂದಿನ ಆವೃತ್ತಿಗಳಲ್ಲಿ ಆ ಸಂಖ್ಯೆಗೆ ಅಕ್ಷರಗಳೂ ಸೇರಿಕೊಂಡವು. ನಾವು ಬಸ್ ನಂಬರು ಅಂದುಕೊಂಡಿದ್ದ ವಿಪಿ 6ಎ ಎಂದರೆ, ಈ ಕ್ರಿಯಾಪದದ ಮುಂದೆ ಕರ್ಮವಾಗಿ ಒಂದು ನಾಮಪದವೋ ಸರ್ವನಾಮವೋ ಬರುತ್ತದೆ ಎಂದು ಅರ್ಥ. ಅದು ನಿಜಕ್ಕೂ ಬಸ್ಸಿನ ನಂಬರೇ. ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಹೇಳುವ ನಂಬರು!

ಇದನ್ನೆಲ್ಲ ಒಂದು ನಿಘಂಟಿನಲ್ಲಿ ಸೇರಿಸಬೇಕು ಎಂದು ಹಾರ್ನ್‌ಬಿ ಅವರು 1937ರಲ್ಲಿ ಕೆಲಸ ಆರಂಭಿಸಿದರು. ಇ. ವಿ. ಗೇಟನ್‌ಬಿ ಮತ್ತು ಎಚ್. ವೇಕ್‌ಫೀಲ್ಡ್ ಎಂಬ ಇಬ್ಬರು ಜೊತೆಯಾದರು. ಪರಭಾಷಿಕರಿಗೆಂದೇ ನಿಘಂಟು ಮಾಡುವ ಯೋಚನೆ ಅವರೊಬ್ಬರದೇ ಅಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಅವರು ಬಂಗಾಳದ ಮಕ್ಕಳಿಗೆ ಕಲಿಸಿದ ಅನುಭವದಿಂದ, ಜೇಮ್ಸ್ ಎಂಡಿಕಾಟ್ ಅವರ ಜೊತೆಗೂಡಿ, 1935ರಲ್ಲೇ ಒಂದು ನಿಘಂಟು ತಂದಿದ್ದರು. ಅದರಲ್ಲಿ ಅರ್ಥಗಳನ್ನೆಲ್ಲ 1,490 ಸುಲಭ ಪದಗಳೊಳಗೇ ವಿವರಿಸಲಾಗಿತ್ತು. ಅದು ಓದಿ ಅರ್ಥಮಾಡಿಕೊಳ್ಳುವವರಿಗೆ. ಹಾರ್ನ್‌ಬಿ ಅವರ ನಿಘಂಟು ಬರೆಯಬೇಕಾದವರಿಗೆ, ಮಾತಾಡಬೇಕಾದವರಿಗೆ. ಕ್ರಿಯಾಪದಕ್ಕೆ ವಿನ್ಯಾಸದ ಸಂಖ್ಯೆ, ಎಣಿಸಬಹುದಾದ ಮತ್ತು ಎಣಿಸಲಾಗದ ನಾಮಪದಗಳಿಗೆ ಬೇರೆ ಬೇರೆ ಗುರುತು, ಅರ್ಥದ ಕೆಳಗೆ ಬಳಸಿ ತೋರಿಸುವ ಉದಾಹರಣೆಗಳು. ‘ಅಡ್ವೈಸ್’ ಪದಕ್ಕೆ ‘ಎಸ್’ ಸೇರಿಸಿ ‘ಅಡ್ವೈಸಸ್’ ಎನ್ನಬಹುದೇ ಎಂಬ ಸಂಶಯಕ್ಕೆ ಅಂಥ ಒಂದೇ ಅಕ್ಷರದ ಗುರುತಿನಲ್ಲಿ ಉತ್ತರ ಸಿಗುತ್ತದೆ.

ನಿಘಂಟು ಸಿದ್ಧವಾಗುವ ಹೊತ್ತಿಗೆ ಎರಡನೇ ಮಹಾಯುದ್ಧ ಆವರಿಸಿತ್ತು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕೆ ಇಳಿಯಿತು. ಹದಿನೇಳು ವರ್ಷ ಜಪಾನಿ ಮಕ್ಕಳಿಗೆ ಪಾಠ ಹೇಳಿದ್ದ ಹಾರ್ನ್‌ಬಿ ಅವರು ಶತ್ರುದೇಶದ ಪ್ರಜೆ ಎಂದು ಬಂಧನದಲ್ಲಿರಬೇಕಾಯಿತು. 1942ರಲ್ಲಿ ಅವರನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ಅದೇ 1942ರಲ್ಲಿ ಟೋಕಿಯೋದ ಕೈತಾಕುಶಾ ಎಂಬ ಪ್ರಕಾಶನ ಸಂಸ್ಥೆ ಅವರ ನಿಘಂಟನ್ನು ಅಚ್ಚುಹಾಕಿ ಹೊರತಂದಿತು. ಇಡಿಯಮ್ಯಾಟಿಕ್ ಅಂಡ್ ಸಿಂಟ್ಯಾಕ್ಟಿಕ್ ಇಂಗ್ಲಿಷ್ ಡಿಕ್ಷನರಿ ಎಂಬುದು ಆಗಿನ ಹೆಸರು. ಇಂಗ್ಲೆಂಡಿನ ವಿರುದ್ಧ ಯುದ್ಧ ಮಾಡುತ್ತಿದ್ದ ದೇಶ, ಇಂಗ್ಲಿಷ್ ಕಲಿಯುವವರಿಗಾಗಿ ಒಬ್ಬ ಇಂಗ್ಲಿಷ್ ಮೇಷ್ಟ್ರ ಪುಸ್ತಕವನ್ನು ಯುದ್ಧದ ನಡುವೆಯೇ ಪ್ರಕಟಿಸಿತು. ರಾಜರುಗಳು ಜಗಳವಾಡಿದರೂ ಮೇಷ್ಟ್ರು ಮತ್ತು ಮಕ್ಕಳ ನಡುವೆ ಜಗಳ ಇರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಜಪಾನಿನಿಂದ ಹೊರಬಂದ ಹಾರ್ನ್‌ಬಿ ಅವರು ಸುಮ್ಮನೆ ಕೂರಲಿಲ್ಲ. ಬ್ರಿಟಿಷ್ ಕೌನ್ಸಿಲ್ ಸೇರಿ ಇರಾನಿಗೆ ಹೋಗಿ, ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಯುದ್ಧ ಮುಗಿದ ಮೇಲೆ ಲಂಡನ್ನಿಗೆ ಬಂದು ಕೌನ್ಸಿಲಿನ ಭಾಷಾ ಸಲಹೆಗಾರರಾದರು. 1946ರಲ್ಲಿ ಇಂಗ್ಲಿಷ್ ಲ್ಯಾಂಗ್ವೇಜ್ ಟೀಚಿಂಗ್ ಎಂಬ ಪತ್ರಿಕೆ ಆರಂಭಿಸಿ ಅದರ ಮೊದಲ ಸಂಪಾದಕರಾದರು. ಬೇರೆ ಬೇರೆ ದೇಶಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಶಿಕ್ಷಕರು ತಮ್ಮ ಅನುಭವಗಳನ್ನು ಹಂಚಿಕೊಳ್ಳುವ ವೇದಿಕೆ ಅದು. ಇಂದಿಗೂ ಅದು ನಡೆಯುತ್ತಿದೆ.

ಟೋಕಿಯೋದಲ್ಲಿ ಅಚ್ಚಾಗಿದ್ದ ನಿಘಂಟನ್ನು 1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಹೊಸ ಹೆಸರಿನಲ್ಲಿ ಪ್ರಕಟಿಸಿತು. 1952ರಲ್ಲಿ ಅಡ್ವಾನ್ಸ್‌ಡ್ ಲರ್ನರ್ಸ್ ಎಂಬ ಹೆಸರು ಬಂತು. 1963ರಲ್ಲಿ ಎರಡನೇ ಆವೃತ್ತಿ, 1974ರಲ್ಲಿ ನಮ್ಮ ಬೀರುವಿಗೆ ಬಂದ ಮೂರನೇ ಆವೃತ್ತಿ. ದೇಶದೇಶಗಳ ಲಕ್ಷಾಂತರ ಕಲಿಯುವವರ ಕೈಗೆ ಹೋದ ಈ ಪುಸ್ತಕದ ಬೇರು ಇರುವುದು ಜಪಾನಿನ ತರಗತಿಗಳಲ್ಲಿ, ಅಲ್ಲಿನ ಹುಡುಗರು ಮಾಡಿದ ತಪ್ಪುಗಳಲ್ಲಿ.

1950ರಲ್ಲಿ ಹಾರ್ನ್‌ಬಿ ಅವರು ಕೌನ್ಸಿಲಿನ ಕೆಲಸ ಬಿಟ್ಟು ಪೂರ್ತಿಯಾಗಿ ಬರವಣಿಗೆಗೆ ಕೂತರು. 1954ರಲ್ಲಿ ಎ ಗೈಡ್ ಟು ಪ್ಯಾಟರ್ನ್ಸ್ ಅಂಡ್ ಯೂಸೇಜ್ ಇನ್ ಇಂಗ್ಲಿಷ್ ಬಂತು. ನಿಘಂಟಿನಲ್ಲಿ ಸಂಖ್ಯೆಯಾಗಿ ಇದ್ದ ವಿನ್ಯಾಸಗಳನ್ನು ಅಲ್ಲಿ ಉದಾಹರಣೆಗಳೊಂದಿಗೆ ಬಿಡಿಸಿಟ್ಟರು. ಆಮೇಲೆ 1959ರಿಂದ 1966ರವರೆಗೆ, ವಾಕ್ಯವಿನ್ಯಾಸಗಳನ್ನು ತರಗತಿಯಲ್ಲಿ ಕಲಿಸುವುದು ಹೇಗೆ ಎಂದು ಶಿಕ್ಷಕರಿಗಾಗಿ ನಾಲ್ಕು ಹಂತಗಳ ಪುಸ್ತಕಮಾಲೆ ಬರೆದರು.

ಅವರು ಬರಿಯ ಉರು ಹೊಡೆಸುವವರಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಒಂದು ರಚನೆಯನ್ನು ಮಕ್ಕಳ ಮುಂದಿಡುವ ಮೊದಲು ಅದಕ್ಕೆ ಒಂದು ಸನ್ನಿವೇಶ ಇರಬೇಕು ಎಂಬುದು ಅವರ ವಾದ. ಮೇಷ್ಟ್ರು ಬಾಗಿಲ ಕಡೆಗೆ ನಡೆಯುತ್ತಲೇ ‘ಐ ಆಮ್ ವಾಕಿಂಗ್ ಟು ದ ಡೋರ್’ ಎನ್ನಬೇಕು. ಹುಡುಗನೊಬ್ಬ ಕಿಟಕಿ ತೆರೆಯುತ್ತಿರುವಾಗಲೇ ತರಗತಿ ‘ಹಿ ಈಸ್ ಓಪನಿಂಗ್ ದ ವಿಂಡೋ’ ಎನ್ನಬೇಕು. ಕಣ್ಣೆದುರು ನಡೆಯುವ ಕೆಲಸಕ್ಕೆ ವಾಕ್ಯ ಅಂಟಿಕೊಂಡರೆ ಅನುವಾದ ಬೇಕಾಗುವುದಿಲ್ಲ. ಆಮೇಲೆ ಅಭ್ಯಾಸ. ಮತ್ತೆ ಮತ್ತೆ ಅಭ್ಯಾಸ.

ಈ ವಿಚಾರಗಳು ನಮ್ಮ ದೇಶಕ್ಕೂ ಬಂದವು. 1950ರ ದಶಕದಲ್ಲಿ ಮದ್ರಾಸ್ ರಾಜ್ಯದಲ್ಲಿ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ರಚನೆಗಳ ಮೂಲಕ ಇಂಗ್ಲಿಷ್ ಕಲಿಸುವ ತರಬೇತಿ ನಡೆಯಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾದವು. ಬೆಂಗಳೂರಿನ ಸಂಸ್ಥೆಯಲ್ಲಿ ತರಬೇತಿ ಪಡೆದ ಮೇಷ್ಟ್ರುಗಳು ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ಬೋರ್ಡಿನ ಮೇಲಿನ ಮೂರು ಮನೆಯ ಚೌಕ ಇಂಥ ದಾರಿಗಳಲ್ಲೇ ಹಳ್ಳಿಗಳಿಗೆ ಬಂದದ್ದು.

ಹಾಗೆಂದು ಆ ಪದ್ಧತಿಗೆ ಕೊರತೆಯೇ ಇರಲಿಲ್ಲ ಎಂದರೆ ಸರಿಯಲ್ಲ. ಚೌಕದೊಳಗೆ ಸರಿಯಾಗಿ ಮಾತಾಡಿದ ಮಗು ಚೌಕದ ಹೊರಗೆ ಬಂದಾಗ ತಬ್ಬಿಬ್ಬಾಗುವುದನ್ನು ಶಿಕ್ಷಕರು ಕಂಡಿದ್ದರು. ವೈವಾದಲ್ಲಿ ನನಗಾದದ್ದೂ ಅದೇ. ಇದಕ್ಕೆ ಬೇರೆ ದಾರಿ ಹುಡುಕಿದ ಒಂದು ಪ್ರಸಿದ್ಧ ಪ್ರಯೋಗ ನಮ್ಮ ಬೆಂಗಳೂರಿನಲ್ಲೇ 1979ರಲ್ಲಿ ಆರಂಭವಾಯಿತು. ಎನ್. ಎಸ್. ಪ್ರಭು ಅವರ ಮುಂದಾಳತ್ವದ ಆ ಪ್ರಯೋಗವನ್ನು ಭಾಷಾಬೋಧನೆಯ ಪುಸ್ತಕಗಳು ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತವೆ. ರೈಲಿನ ವೇಳಾಪಟ್ಟಿ ನೋಡಿ ಪ್ರಯಾಣ ಗೊತ್ತುಮಾಡುವುದು, ನಕ್ಷೆ ನೋಡಿ ದಾರಿ ಹೇಳುವುದು ಇಂಥ ಕೆಲಸಗಳನ್ನು ಮಕ್ಕಳಿಗೆ ಕೊಟ್ಟು, ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಪ್ರಭು ಅವರ ನಿಲುವು. ನನ್ನ ಅನುಭವದಲ್ಲಿ ಎರಡೂ ಬೇಕು. ಗದ್ದೆಗೆ ಇಳಿಯದೆ ಉಳುಮೆ ಬರುವುದಿಲ್ಲ ನಿಜ, ಆದರೆ ನೇಗಿಲು ಹಿಡಿಯುವುದನ್ನು ಯಾರಾದರೂ ಮೊದಲು ತೋರಿಸಿಕೊಡಬೇಕು.

ಹಾರ್ನ್‌ಬಿ ಅವರ ಜೀವನದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ನಡೆದದ್ದು 1961ರಲ್ಲಿ. ನಿಘಂಟಿನಿಂದ ಅವರಿಗೆ ಒಳ್ಳೆಯ ಗೌರವಧನ ಬರುತ್ತಿತ್ತು. ಅದರ ದೊಡ್ಡ ಪಾಲನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ಒಂದು ಶಿಕ್ಷಣ ಟ್ರಸ್ಟ್ ಸ್ಥಾಪಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದ ದೇಶಗಳ ಶಿಕ್ಷಕರು ಹೆಚ್ಚಿನ ಓದಿಗೆ ಬರಲು ಆ ಹಣದಿಂದ ವಿದ್ಯಾರ್ಥಿವೇತನ ಕೊಡುತ್ತಾರೆ. ತರಗತಿಯಿಂದ ಹುಟ್ಟಿದ ಹಣ ತರಗತಿಗೇ ಮರಳಬೇಕು ಎಂಬ ಲೆಕ್ಕಾಚಾರ ಅದು. ಅರವತ್ತು ವರ್ಷ ದಾಟಿದ ಮೇಲೂ ಆ ಟ್ರಸ್ಟ್ ಕೆಲಸ ಮಾಡುತ್ತಿದೆ.

ಕೊನೆಯವರೆಗೂ ಅವರು ತಮ್ಮ ಪುಸ್ತಕಗಳನ್ನು ತಿದ್ದುತ್ತಲೇ ಇದ್ದರು. ಗೈಡ್ ಪುಸ್ತಕದ ಎರಡನೇ ಆವೃತ್ತಿ ಬಂದದ್ದು 1975ರಲ್ಲಿ, ಅವರ ಎಪ್ಪತ್ತೇಳನೇ ವಯಸ್ಸಿನಲ್ಲಿ. 1978ರ ಸೆಪ್ಟೆಂಬರಿನಲ್ಲಿ, ಎಂಬತ್ತು ತುಂಬಿದ ಸ್ವಲ್ಪ ದಿನಕ್ಕೆ, ಅವರು ತೀರಿಕೊಂಡರು. ನಿಘಂಟು ಮಾತ್ರ ಹೊಸ ಹೊಸ ಆವೃತ್ತಿಗಳಲ್ಲಿ ಮುಂದುವರಿಯಿತು. ಗಟ್ಟಿಯಾಗಿ ನೆನಪಿಡಬೇಕಾಗಿದ್ದ ಸಂಖ್ಯೆಗಳನ್ನು ನಂತರದ ಆವೃತ್ತಿಗಳಲ್ಲಿ ತೆಗೆದು, ನೋಡಿದ ಕೂಡಲೇ ತಿಳಿಯುವ ಗುರುತುಗಳನ್ನು ಹಾಕಿದ್ದಾರೆ. ವಿಚಾರ ಅವರದೇ.

ನನ್ನ ವೃತ್ತಿಗೂ ಅವರಿಗೂ ಒಂದು ನಂಟು ಇದೆ. ಅದೇ 1974ರ ಆವೃತ್ತಿಯನ್ನು ಆಧರಿಸಿ, ಕಂಪ್ಯೂಟರ್ ಓದಬಲ್ಲ ನಿಘಂಟಿನ ಕಡತವೊಂದನ್ನು ಸಂಶೋಧಕರು ಸಿದ್ಧಪಡಿಸಿದರು. ಅದರಲ್ಲಿ ಆ ಕ್ರಿಯಾಪದದ ಗುರುತುಗಳೂ ಇದ್ದವು. ಇಂಗ್ಲಿಷ್ ವಾಕ್ಯಗಳನ್ನು ಬಿಡಿಸುವುದನ್ನು ಯಂತ್ರಕ್ಕೆ ಕಲಿಸಲು ಹೊರಟವರಿಗೆ ಅದು ಉಪಯೋಗವಾಯಿತು. ಓಯಿಟಾದ ಹುಡುಗರಿಗಾಗಿ ಹೊರಟ ದಾರಿ ಕಂಪ್ಯೂಟರಿನವರೆಗೂ ಬಂತು.

ನನ್ನ ವಿಷಯಕ್ಕೆ ಮರಳುತ್ತೇನೆ. ವೈವಾ ಆದ ವಾರದ ನಂತರ, ಕಾಲೇಜಿನ ಗ್ರಂಥಾಲಯದಲ್ಲಿ ಅದೇ ನಿಘಂಟಿನ ಇನ್ನೊಂದು ಪ್ರತಿ ಸಿಕ್ಕಿತು. ಊರಿನ ಬೀರು ನೆನಪಾಗಿ ತೆಗೆದುಕೊಂಡೆ. ಈ ಸಲ ಮೊದಲ ಪುಟಗಳಲ್ಲಿದ್ದ ವಿವರಣೆಯನ್ನು ಓದಿದೆ. ದಿನಕ್ಕೆ ಮೂರು ಕ್ರಿಯಾಪದ ಎಂದು ಇಟ್ಟುಕೊಂಡೆ. ಪ್ರತಿಯೊಂದರ ವಿನ್ಯಾಸ ನೋಡಿ, ಆ ಅಚ್ಚಿನಲ್ಲಿ ಹತ್ತು ವಾಕ್ಯ ಬರೆಯುವುದು. ಪುಸ್ತಕದ ವಾಕ್ಯಗಳಲ್ಲ, ನನ್ನವು. ನಮ್ಮ ಎಮ್ಮೆಯ ಬಗ್ಗೆ, ಹಾಸ್ಟೆಲಿನ ಸಾರಿನ ಬಗ್ಗೆ, ಕೆಪಾಸಿಟರಿನ ಬಗ್ಗೆ. ಆಮೇಲೆ ಟೆರೇಸಿಗೆ ಹೋಗಿ ಜೋರಾಗಿ ಹೇಳುವುದು. ಒಂದು ವರ್ಷದಲ್ಲಿ ನೋಟ್‌ಬುಕ್ಕುಗಳು ತುಂಬಿದವು. ಮೂರನೇ ವರ್ಷದಲ್ಲಿ ನಾನು ಎಲ್ಲರೆದುರು ನಿಂತು ಸೆಮಿನಾರ್ ಕೊಟ್ಟೆ. ಇಂದಿಗೂ ತಪ್ಪು ಮಾಡುತ್ತೇನೆ, ಆದರೆ ತಪ್ಪಿಗೆ ಹೆದರಿ ಬಾಯಿ ಮುಚ್ಚುವುದಿಲ್ಲ.

ಇಂಗ್ಲಿಷ್ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಶಾಲೆ ಬಿಡಿಸಿ ದೂರದ ಶಾಲೆಗೆ ಮಕ್ಕಳನ್ನು ವ್ಯಾನಿನಲ್ಲಿ ಕಳುಹಿಸುವವರು ಊರಿನಲ್ಲಿ ಹೆಚ್ಚಾಗುತ್ತಿದ್ದಾರೆ. ಅವರ ಆತಂಕ ಸುಳ್ಳಲ್ಲ, ನಾನೂ ಅದನ್ನು ಅನುಭವಿಸಿದವನೇ. ಆದರೆ ಹಾರ್ನ್‌ಬಿ ಅವರ ಜೀವನದಿಂದ ನಾನು ತಿಳಿದುಕೊಂಡದ್ದು ಇಷ್ಟು. ಇಂಗ್ಲಿಷ್ ಎನ್ನುವುದು ಮೇಲಿನವರ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಒಲಿಯುವ ವಿದ್ಯೆ ಅಲ್ಲ. ಅದಕ್ಕೆ ಎಣಿಸಬಹುದಾದಷ್ಟು ಅಚ್ಚುಗಳಿವೆ. ತಾಳ್ಮೆಯಿಂದ ತೋರಿಸುವ ಮೇಷ್ಟ್ರು, ದಿನವೂ ಬಾಯಿ ಬಿಡುವ ಅಭ್ಯಾಸ, ತಪ್ಪಾದರೆ ನಗದ ಜೊತೆಗಾರರು ಇದ್ದರೆ, ಕನ್ನಡದಲ್ಲೇ ಯೋಚಿಸಿ ಬೆಳೆದ ಮಗುವಿಗೂ ಅದು ಒಲಿಯುತ್ತದೆ.

ಕಳೆದ ತಿಂಗಳು ಶಾಲೆಗೆ ಹೋದಾಗ ಆ ಬೀರು ನೋಡಿದೆ. ಹಳೆಯ ನಿಘಂಟು ಅಲ್ಲೇ ಇದೆ, ಇನ್ನಷ್ಟು ಹರಿದಿದೆ. ನಮ್ಮ ಬ್ಯಾಚಿನವರು ಸೇರಿ ಹೊಸ ಆವೃತ್ತಿಯ ಹತ್ತು ಪ್ರತಿಗಳನ್ನು ಶಾಲೆಗೆ ಕೊಡುವುದು ಎಂದು ಮಾತಾಡಿಕೊಂಡಿದ್ದೇವೆ. ಒಂದೇ ಬೇಡಿಕೆ, ಅವುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಬೇಡ. ಎಂಟನೇ ತರಗತಿಯ ಬೆಂಚಿನ ಮೇಲೆ ಇಡಿ. ಹಳೆಯ ಪ್ರತಿಯನ್ನು ಮಾತ್ರ, ಹೊಸ ಹೊದಿಕೆ ಹಾಕಿಸಿ, ಜೋಪಾನವಾಗಿ ಇಡೋಣ.